ಅರ್ಧ ಹೇಳಿದ ಪಾಠ: ಗರ್ಭಾವಸ್ಥೆಯಲ್ಲಿ ದೇಹದ ಸೂಕ್ಷ್ಮಜೀವಿಗಳು

ಈ ಲೇಖನದಲ್ಲಿ ವಿವರಿಸಿರುವ ಪಾಠಕ್ಕೆ ನನ್ನ ಅವಲೋಕನ ಪುಸ್ತಕದಲ್ಲಿ ‘ಉತ್ತಮ’ ಎಂಬ ಷರಾ ಬಂದಿತ್ತು. ಚಟುವಟಿಕೆ ಚೆನ್ನಾಗಿತ್ತು, ಮಕ್ಕಳು ಪ್ರಶ್ನೆ ಕೇಳಿದ್ದರು, ಕಪ್ಪುಹಲಗೆಯ ಬಳಕೆಯೂ ಸರಿಯಾಗಿತ್ತು. ಆದರೆ ನಾನು ಆ ದಿನ ಹೇಳಿದ ಒಂದು ಮಾತು ಸಂಜೆಯೊಳಗೆ ಒಂದು ಮನೆಗೆ ಹೋಗಿ ಮುಟ್ಟಿತ್ತು. ಅಲ್ಲಿ ಹೆರಿಗೆಗೆಂದು ತವರಿಗೆ ಬಂದಿದ್ದ ಒಬ್ಬ ಹೆಣ್ಣುಮಗಳು ಆ ಮಾತು ಕೇಳಿ ಅತ್ತಿದ್ದಳು. ಪಾಠಯೋಜನೆ, ವಿಷಯದ ಸಾರ, ತಪ್ಪು ಮತ್ತು ಅದರ ತಿದ್ದುಪಡಿ, ಇಷ್ಟನ್ನೂ ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ. ಮುಂದೆ ಇದೇ ಘಟಕ ಬೋಧಿಸುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಉಪಯೋಗವಾಗಬಹುದು.

ಹಿನ್ನೆಲೆ

ನನ್ನ ಇಂಟರ್ನ್‌ಷಿಪ್ ನಡೆದದ್ದು ಗದಗ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ. ಹತ್ತನೇ ತರಗತಿ, ಹುಡುಗ ಹುಡುಗಿಯರು ಕೂಡಿ ಕಲಿಯುವ ತರಗತಿ. ಜೀವಿಗಳ ಸಂತಾನೋತ್ಪತ್ತಿಯ ಘಟಕದಲ್ಲಿ ಜರಾಯುವಿನ ರಚನೆ ಮತ್ತು ಕಾರ್ಯ ಮುಗಿಸಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಟೀಚರ್, ನಮ್ಮ ಮೈಯಾಗ ಎಲ್ಲಾ ಕಡೆ ಬ್ಯಾಕ್ಟೀರಿಯಾ ಇರ್ತಾವ ಅಂತ ಎಂಟನೇತ್ತೆದಾಗ ಹೇಳಿದ್ರು. ಹಂಗಾರ ಹೊಟ್ಟ್ಯಾಗಿನ ಕೂಸಿಗೂ ಇರ್ತಾವೇನ್ರಿ?”

ಕೆಲವರು ನಕ್ಕರು. ನನಗೆ ಮಾತ್ರ ಆ ಪ್ರಶ್ನೆ ಇಡೀ ಘಟಕದಲ್ಲೇ ಒಳ್ಳೆಯದೆನಿಸಿತು. ಉತ್ತರವನ್ನು ಮುಂದಿನ ವಾರಕ್ಕೆ ಇಟ್ಟುಕೊಂಡು, ಮಾರ್ಗದರ್ಶಕ ಶಿಕ್ಷಕಿಯ ಒಪ್ಪಿಗೆ ಪಡೆದು, 40 ನಿಮಿಷಗಳ ಎರಡು ಅವಧಿಗಳ ಪೂರಕ ಪಾಠವನ್ನು ಯೋಜಿಸಿದೆ. ಕೊನೆಗೆ ಅದು ಮೂರು ಅವಧಿಯಾಯಿತು.

ಕಲಿಕಾ ಉದ್ದೇಶಗಳು

1. ದೇಹದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಸೂಕ್ಷ್ಮಜೀವಿ ಸಮುದಾಯಗಳಿರುತ್ತವೆ ಎಂಬುದನ್ನು ವಿದ್ಯಾರ್ಥಿಗಳು ಉದಾಹರಣೆಯೊಂದಿಗೆ ವಿವರಿಸುವರು.
2. ಗರ್ಭಾವಸ್ಥೆಯ ಹಾರ್ಮೋನುಗಳು ಈ ಸಮುದಾಯಗಳ ಮೇಲೆ ಹೇಗೆ ಪ್ರಭಾವ ಬೀರುತ್ತವೆ ಎಂಬುದರ ಒಂದು ಸರಪಳಿಯನ್ನು ಹಂತ ಹಂತವಾಗಿ ಬರೆಯುವರು.
3. ಒಂದೇ ಪ್ರಶ್ನೆಗೆ ಎರಡು ಅಧ್ಯಯನಗಳು ಬೇರೆ ಉತ್ತರ ಕೊಟ್ಟಾಗ ಅದಕ್ಕೆ ಕಾರಣಗಳೇನಿರಬಹುದೆಂದು ಚರ್ಚಿಸುವರು.

ಮೂರನೇ ಉದ್ದೇಶವನ್ನು ನಾನು ಮೊದಲು ಬರೆದಿರಲಿಲ್ಲ. ತಪ್ಪಾದ ಮೇಲೆ ಸೇರಿಸಿದೆ.

ಶಿಕ್ಷಕರಿಗಾಗಿ ವಿಷಯ ಸಾರ

ನಮ್ಮ ದೇಹದಲ್ಲಿ ಜೀವಕೋಶಗಳಿಗಿಂತ ಬ್ಯಾಕ್ಟೀರಿಯಾಗಳು ಹತ್ತು ಪಟ್ಟು ಹೆಚ್ಚು ಎಂಬ ಮಾತು ಬಹುಕಾಲ ಎಲ್ಲೆಡೆ ಓಡಾಡುತ್ತಿತ್ತು. 2016ರಲ್ಲಿ ಸೆಂಡರ್, ಫುಕ್ಸ್ ಮತ್ತು ಮಿಲೋ ಎಂಬ ವಿಜ್ಞಾನಿಗಳು ಇದನ್ನು ಮತ್ತೆ ಲೆಕ್ಕ ಹಾಕಿದರು. 70 ಕಿಲೋ ತೂಕದ ಒಬ್ಬ ಗಂಡಸಿನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳೂ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳೂ ಇರುತ್ತವೆಂದು ಅಂದಾಜಿಸಿದರು. ಅಂದರೆ ಹೆಚ್ಚುಕಡಿಮೆ ಸರಿಸಮ. ಇವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಹಳೆಯ ಟಿಪ್ಪಣಿಗಳಲ್ಲಿ ಹತ್ತು ಪಟ್ಟು ಎಂದಿದ್ದರೆ ತಿದ್ದಿಕೊಳ್ಳಬೇಕು.

ಗರ್ಭಾವಸ್ಥೆಯಲ್ಲಿ ಆಗುವುದನ್ನು ಭಾಗವಾರು ನೋಡೋಣ.

ಯೋನಿ: ಇಲ್ಲಿನ ಸರಪಳಿ ಎಲ್ಲಕ್ಕಿಂತ ಸ್ಪಷ್ಟವಾಗಿದೆ. ಗರ್ಭಾವಸ್ಥೆಯಲ್ಲಿ ಈಸ್ಟ್ರೋಜೆನ್ ಪ್ರಮಾಣ ಏರುತ್ತದೆ. ಅದರಿಂದ ಯೋನಿಯ ಒಳಪದರದ ಕೋಶಗಳಲ್ಲಿ ಗ್ಲೈಕೋಜೆನ್ ಶೇಖರವಾಗುತ್ತದೆ. ಆ ಗ್ಲೈಕೋಜೆನ್ ಒಡೆದು ಸಣ್ಣ ಸಕ್ಕರೆಗಳಾದಾಗ ಅವು ಲ್ಯಾಕ್ಟೊಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಆಹಾರ. ಅವು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಆಮ್ಲೀಯತೆ ಹೆಚ್ಚಿ ಪಿಎಚ್ ಸಾಮಾನ್ಯವಾಗಿ 3.5ರಿಂದ 4.5ರ ನಡುವೆ ಉಳಿಯುತ್ತದೆ. ರೋಗ ತರಬಲ್ಲ ಅನೇಕ ಸೂಕ್ಷ್ಮಜೀವಿಗಳು ಅಂಥ ಆಮ್ಲೀಯತೆಯಲ್ಲಿ ಬೆಳೆಯಲಾರವು. ಈ ಬ್ಯಾಕ್ಟೀರಿಯಾವನ್ನು 1892ರಲ್ಲಿ ಜರ್ಮನಿಯ ಪ್ರಸೂತಿ ವೈದ್ಯ ಆಲ್ಬರ್ಟ್ ಡೋಡರ್ಲೈನ್ ವರ್ಣಿಸಿದ್ದರು.

ಇಲ್ಲೊಂದು ಸೂಕ್ಷ್ಮವಿದೆ. ಪರಿಸರದ ಪಾಠದಲ್ಲಿ ನಾವು ವೈವಿಧ್ಯ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಕಲಿಸುತ್ತೇವೆ. ಯೋನಿಯಲ್ಲಿ ಒಂದೆರಡು ಜಾತಿಯ ಲ್ಯಾಕ್ಟೊಬ್ಯಾಸಿಲಸ್‌ಗಳೇ ತುಂಬಿಕೊಂಡಿರುವುದು ಸಾಮಾನ್ಯ. ಹಾಗೆಂದು ಅದೊಂದೇ ಆರೋಗ್ಯದ ಲಕ್ಷಣವೆನ್ನಲೂ ಬರುವುದಿಲ್ಲ. ಅಮೆರಿಕದಲ್ಲಿ 396 ಮಹಿಳೆಯರನ್ನು ಪರೀಕ್ಷಿಸಿ ರಾವೆಲ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಬಗೆಯ ಸಮುದಾಯಗಳು ಕಂಡುಬಂದವು. ನಾಲ್ಕರಲ್ಲಿ ಬೇರೆ ಬೇರೆ ಲ್ಯಾಕ್ಟೊಬ್ಯಾಸಿಲಸ್‌ಗಳದೇ ಮೇಲುಗೈ. ಐದನೆಯದು ಮಿಶ್ರ. ಆ ಐದನೆಯ ಬಗೆಯವರೂ ಯಾವ ತೊಂದರೆಯೂ ಇಲ್ಲದ ಆರೋಗ್ಯವಂತರೇ ಆಗಿದ್ದರು.

ಬಾಯಿ: ಗರ್ಭಿಣಿಯರಲ್ಲಿ ವಸಡು ಊದಿಕೊಂಡು ಹಲ್ಲುಜ್ಜುವಾಗ ರಕ್ತ ಬರುವುದುಂಟು. ಹಲ್ಲಿನ ಬುಡದ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ವಸಡು ಹಾರ್ಮೋನುಗಳ ಪ್ರಭಾವದಿಂದ ಹೆಚ್ಚು ತೀವ್ರವಾಗಿ ಪ್ರತಿಕ್ರಿಯಿಸುವುದೇ ಕಾರಣ. ರಕ್ತ ಬಂತೆಂದು ಹಲ್ಲುಜ್ಜುವುದನ್ನು ಬಿಡಬಾರದು.

ಮೂತ್ರನಾಳ: ಪ್ರೊಜೆಸ್ಟರಾನ್‌ನಿಂದ ನಾಳದ ಸ್ನಾಯುಗಳು ಸಡಿಲಗೊಳ್ಳುತ್ತವೆ, ಬೆಳೆಯುವ ಗರ್ಭಕೋಶವೂ ಒತ್ತುತ್ತದೆ. ಮೂತ್ರ ನಿಧಾನವಾಗಿ ಹರಿಯುವುದರಿಂದ ಬ್ಯಾಕ್ಟೀರಿಯಾಗಳು ಮೇಲೇರಿ ಸೋಂಕು ಉಂಟುಮಾಡುವ ಸಾಧ್ಯತೆ ಹೆಚ್ಚು. ಉರಿ, ನೋವು ಇಲ್ಲದಿದ್ದರೂ ತಪಾಸಣೆಯಲ್ಲಿ ಮೂತ್ರ ಪರೀಕ್ಷೆ ಮಾಡುವುದಕ್ಕೆ ಇದೂ ಒಂದು ಕಾರಣ.

ಕರುಳು: ಇಲ್ಲಿ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. 2012ರಲ್ಲಿ ಕೋರೆನ್, ರುತ್ ಲೇ ಮತ್ತು ಸಂಗಡಿಗರು 91 ಗರ್ಭಿಣಿಯರ ಮಲದ ಮಾದರಿಗಳನ್ನು ಮೊದಲ ಮತ್ತು ಕೊನೆಯ ತ್ರೈಮಾಸಿಕದಲ್ಲಿ ಹೋಲಿಸಿದರು. ಕೊನೆಯ ತ್ರೈಮಾಸಿಕದಲ್ಲಿ ಕರುಳಿನ ಸಮುದಾಯ ಬಹಳ ಬದಲಾಗಿತ್ತು. ಸೂಕ್ಷ್ಮಜೀವಿಗಳೇ ಇಲ್ಲದಂತೆ ಸಾಕಿದ ಇಲಿಗಳಿಗೆ ಆ ಕೊನೆಯ ತಿಂಗಳುಗಳ ಸೂಕ್ಷ್ಮಜೀವಿಗಳನ್ನು ಸೇರಿಸಿದಾಗ, ಮೊದಲ ತಿಂಗಳುಗಳದ್ದನ್ನು ಪಡೆದ ಇಲಿಗಳಿಗಿಂತ ಅವುಗಳಲ್ಲಿ ಕೊಬ್ಬು ಹೆಚ್ಚಿತು, ಇನ್ಸುಲಿನ್‌ಗೆ ಸ್ಪಂದನೆ ಕುಗ್ಗಿತು. ಮಗುವಿಗೆ ಶಕ್ತಿ ಒದಗಿಸಲು ತಾಯಿಯ ದೇಹ ಮಾಡಿಕೊಳ್ಳುವ ಹೊಂದಾಣಿಕೆಯಲ್ಲಿ ಕರುಳಿನ ಜೀವಿಗಳಿಗೂ ಪಾತ್ರವಿರಬಹುದೆಂದು ಅವರು ಸೂಚಿಸಿದರು. ಆದರೆ 2015ರಲ್ಲಿ ಡಿಜಿಯುಲಿಯೊ ಮತ್ತು ಸಂಗಡಿಗರು ಅಮೆರಿಕದಲ್ಲಿ 49 ಗರ್ಭಿಣಿಯರಿಂದ ವಾರವಾರವೂ ಮಾದರಿ ಪಡೆದು ನೋಡಿದಾಗ ಕರುಳು, ಬಾಯಿ, ಯೋನಿಗಳ ಸಮುದಾಯಗಳು ಗರ್ಭಾವಸ್ಥೆಯುದ್ದಕ್ಕೂ ಬಹುಮಟ್ಟಿಗೆ ಸ್ಥಿರವಾಗಿದ್ದವು. ದೊಡ್ಡ ಬದಲಾವಣೆ ಕಂಡದ್ದು ಹೆರಿಗೆಯ ನಂತರ, ಯೋನಿಯಲ್ಲಿ. ಅಲ್ಲಿ ಲ್ಯಾಕ್ಟೊಬ್ಯಾಸಿಲಸ್ ತಟ್ಟನೆ ಕಡಿಮೆಯಾಗಿತ್ತು. ಕೆಲವರಲ್ಲಿ ಈ ಸ್ಥಿತಿ ಒಂದು ವರ್ಷದವರೆಗೂ ಮುಂದುವರಿದಿತ್ತು.

ಜರಾಯು: ಗರ್ಭಕೋಶದಲ್ಲಿ ಸೂಕ್ಷ್ಮಜೀವಿಗಳಿಲ್ಲ ಎಂಬುದು ಶತಮಾನದ ನಂಬಿಕೆ. 2014ರಲ್ಲಿ 320 ಜರಾಯುಗಳ ಅಧ್ಯಯನವೊಂದು, ಜರಾಯುವಿಗೂ ತನ್ನದೇ ಸೂಕ್ಷ್ಮಜೀವಿ ಸಮುದಾಯವಿದೆ ಎಂದಿತು. 2019ರಲ್ಲಿ ಕೇಂಬ್ರಿಜ್‌ನ ತಂಡವೊಂದು 537 ಜರಾಯುಗಳನ್ನು ಬಹಳ ಎಚ್ಚರಿಕೆಯಿಂದ ಪರೀಕ್ಷಿಸಿತು. ಸಿಕ್ಕಿದ್ದರಲ್ಲಿ ಬಹುಪಾಲು ಹೆರಿಗೆಯ ವೇಳೆ ತಾಗಿದ್ದು, ಇಲ್ಲವೇ ಪ್ರಯೋಗಾಲಯದ ರಾಸಾಯನಿಕಗಳಲ್ಲೇ ಇದ್ದದ್ದು. ಸುಮಾರು ಶೇ 5ರಷ್ಟು ಮಾದರಿಗಳಲ್ಲಿ ಸೋಂಕು ತರಬಲ್ಲ ಒಂದು ಬಗೆಯ ಸ್ಟ್ರೆಪ್ಟೊಕಾಕಸ್ ಇತ್ತು, ಅಷ್ಟೆ. ಆದ್ದರಿಂದ ಆ ಹುಡುಗನ ಪ್ರಶ್ನೆಗೆ ಇಂದಿನ ಉತ್ತರ: ಆರೋಗ್ಯವಂತ ಗರ್ಭದಲ್ಲಿ ಕೂಸಿಗೆ ನೆಲೆಯೂರಿದ ಸೂಕ್ಷ್ಮಜೀವಿ ಸಮುದಾಯವಿದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಅದು ನೆಲೆಯೂರುವುದು ಹೆರಿಗೆಯ ಹೊತ್ತಿನಿಂದ ಮುಂದೆ.

ಮೊದಲ ಅವಧಿ: ಎರಡು ಲೋಟ ಹಾಲು

ಆಮ್ಲಗಳ ಘಟಕದಲ್ಲಿ ತಾಜಾ ಹಾಲಿನ ಪಿಎಚ್ 6 ಎಂದು ಕೊಟ್ಟು, ಮೊಸರಾಗುವಾಗ ಅದು ಏನಾಗುತ್ತದೆ ಎಂದು ಕೇಳುವ ಪ್ರಶ್ನೆಯೊಂದು ಪಠ್ಯದಲ್ಲೇ ಇದೆ. ಅದನ್ನೇ ಪೂರ್ವಜ್ಞಾನವಾಗಿ ಬಳಸಿದೆ. ಹಿಂದಿನ ಸಂಜೆ ಶಾಲೆಯ ಬಿಸಿಯೂಟದ ಅಡುಗೆಯವರ ನೆರವಿನಿಂದ ಎರಡು ಲೋಟಗಳಲ್ಲಿ ಕಾಯಿಸಿ ಆರಿಸಿದ ಹಾಲು ಹಾಕಿ, ಒಂದಕ್ಕೆ ಮಾತ್ರ ಹೆಪ್ಪು ಬೆರೆಸಿ ಇಟ್ಟಿದ್ದೆ. ಬೆಳಿಗ್ಗೆ ಮೊದಲ ಅವಧಿಯಲ್ಲಿ ಮಕ್ಕಳೇ ಪಿಎಚ್ ಕಾಗದ ಅದ್ದಿ ನೋಡಿದರು. ಹಾಲಿನ ಲೋಟದಲ್ಲಿ ಬಣ್ಣ 6ರ ಹತ್ತಿರ, ಮೊಸರಿನ ಲೋಟದಲ್ಲಿ 4 ಮತ್ತು 5ರ ನಡುವೆ.

“ಹೆಪ್ಪಿನಲ್ಲಿ ಏನಿತ್ತು?”, “ಅದು ಏನು ತಿಂತು?”, “ಏನು ಕೊಟ್ಟಿತು?” ಎಂಬ ಮೂರು ಪ್ರಶ್ನೆಗಳಿಂದ ಬ್ಯಾಕ್ಟೀರಿಯಾ, ಸಕ್ಕರೆ, ಆಮ್ಲ ಎಂಬ ಸರಪಳಿಯನ್ನು ಹಲಗೆಯ ಮೇಲೆ ಬರೆಸಿದೆ. ಆಮೇಲೆ ಅದರ ಪಕ್ಕದಲ್ಲೇ ಈಸ್ಟ್ರೋಜೆನ್, ಗ್ಲೈಕೋಜೆನ್, ಲ್ಯಾಕ್ಟೊಬ್ಯಾಸಿಲಸ್, ಲ್ಯಾಕ್ಟಿಕ್ ಆಮ್ಲ ಎಂಬ ಎರಡನೇ ಸರಪಳಿ ಬಂತು. ‘ಯೋನಿ’ ಎಂಬ ಪದವನ್ನು ಹಿಂದಿನ ವಾರವೇ ಚಿತ್ರದಲ್ಲಿ ಗುರುತಿಸಿ ಬರೆಸಿದ್ದರಿಂದ ಇಲ್ಲಿ ಮುಜುಗರ ಕಡಿಮೆಯಿತ್ತು. ಪದವನ್ನು ತಪ್ಪಿಸಿ ‘ಆ ಭಾಗ’ ಎಂದಿದ್ದರೆ ನಗು ಹೆಚ್ಚುತ್ತಿತ್ತು ಎಂಬುದು ನನ್ನ ಅನುಭವ.

ಈ ಹೋಲಿಕೆಗೆ ಒಂದು ಮಿತಿಯಿದೆ, ಅದನ್ನು ಅದೇ ಅವಧಿಯಲ್ಲಿ ಹೇಳಲೇಬೇಕು. ಮೊಸರಿನ ಬ್ಯಾಕ್ಟೀರಿಯಾಗಳೂ ದೇಹದ ಲ್ಯಾಕ್ಟೊಬ್ಯಾಸಿಲಸ್‌ಗಳೂ ದೂರದ ಸಂಬಂಧಿಗಳಷ್ಟೆ, ಒಂದೇ ಜಾತಿಯವಲ್ಲ. ನಾನು ಹೇಳುವುದು ತಡವಾದ್ದರಿಂದ ಅವಧಿಯ ಕೊನೆಗೆ ಕೊಟ್ಟ ಚೀಟಿಗಳಲ್ಲಿ ಹಲವರು “ಗರ್ಭಿಣಿ ಮೊಸರು ತಿಂದರೆ ಸೋಂಕು ಬರುವುದಿಲ್ಲ” ಎಂದು ಬರೆದಿದ್ದರು. ಮೊಸರು ಒಳ್ಳೆಯ ಆಹಾರ ಹೌದು, ಸೋಂಕಿಗೆ ಔಷಧವಲ್ಲ.

ಎರಡನೇ ಅವಧಿ: ತಪ್ಪು ನಡೆದದ್ದು

ಎರಡನೇ ಅವಧಿಯ ವಿಷಯ: ಕೂಸಿಗೆ ಮೊದಲ ಸೂಕ್ಷ್ಮಜೀವಿಗಳು ಎಲ್ಲಿಂದ ಬರುತ್ತವೆ? ವೆನೆಜುವೆಲಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಓದಿಕೊಂಡಿದ್ದೆ. ಸಹಜ ಹೆರಿಗೆಯ ಶಿಶುಗಳ ಮೈಮೇಲೆ ತಾಯಿಯ ಯೋನಿಯಲ್ಲಿರುವಂಥ ಬ್ಯಾಕ್ಟೀರಿಯಾಗಳು, ಸಿಸೇರಿಯನ್ ಶಿಶುಗಳ ಮೈಮೇಲೆ ಚರ್ಮದಲ್ಲಿರುವಂಥವು ಕಂಡುಬಂದಿದ್ದವು. ನಾನು ಹಲಗೆಯನ್ನು ಎರಡು ಭಾಗ ಮಾಡಿ ಎಡಕ್ಕೆ ‘ಸಹಜ ಹೆರಿಗೆ: ಒಳ್ಳೆಯ ಬ್ಯಾಕ್ಟೀರಿಯಾ ಸಿಗುತ್ತದೆ’ ಎಂದೂ ಬಲಕ್ಕೆ ‘ಸಿಸೇರಿಯನ್: ಸಿಗುವುದಿಲ್ಲ’ ಎಂದೂ ಬರೆದೆ. ಪಾಠ ಚುರುಕಾಗಿ ಮುಗಿಯಿತು. ಷರಾ ‘ಉತ್ತಮ’ ಎಂದು ಬಂತು.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು.

“ಟೀಚರ್, ನೀವು ನಿನ್ನೆ ಹೇಳಿದ್ದು ಖರೇನ್ರಿ?”

“ಯಾವುದಮ್ಮಾ?”

“ಆಪರೇಷನ್ ಆದ್ರ ಕೂಸಿಗೆ ಚೊಲೋ ಬ್ಯಾಕ್ಟೀರಿಯಾ ಸಿಗಂಗಿಲ್ಲ ಅಂತ. ನಮ್ಮಕ್ಕ ಚೊಚ್ಚಲ ಬಾಣಂತನಕ್ಕ ಬಂದಾಳ್ರಿ. ಕೂಸು ಅಡ್ಡ ಐತಿ, ಆಪರೇಷನ್ನೇ ಮಾಡಬೇಕು ಅಂತ ಡಾಕ್ಟ್ರು ಹೇಳ್ಯಾರ. ನಾ ಮನ್ಯಾಗ ನಿಮ್ಮ ಪಾಠ ಹೇಳಿಬಿಟ್ಟೆ. ರಾತ್ರಿಯೆಲ್ಲಾ ಅತ್ಲು. ಈಗ ಆಪರೇಷನ್ ಒಲ್ಲೆ ಅನ್ನಾಕತ್ತಾಳ್ರಿ.”

ನನ್ನ ಕೈಕಾಲು ತಣ್ಣಗಾದವು. ಹೆರಿಗೆಯ ಹೊತ್ತಿಗೂ ಕೂಸು ಅಡ್ಡವಾಗಿಯೇ ಉಳಿದರೆ ಸಹಜ ಹೆರಿಗೆ ಸಾಧ್ಯವಿಲ್ಲ. ಆಪರೇಷನ್ ತಡವಾದರೆ ತಾಯಿ, ಕೂಸು ಇಬ್ಬರ ಜೀವಕ್ಕೂ ಅಪಾಯ. ನಾನು ಹಲಗೆಯ ಮೇಲೆ ಬರೆದ ಎರಡು ಸಾಲಿನ ಬಲ ಎಷ್ಟೆಂದು ಆಗ ತಿಳಿಯಿತು. ನಮ್ಮ ಮಕ್ಕಳು ಮನೆಗೆ ಹೋಗಿ “ಟೀಚರ್ ಹೇಳ್ಯಾರ” ಎಂದರೆ ಅದಕ್ಕೆ ತೂಕವಿರುತ್ತದೆ.

ಮಾರ್ಗದರ್ಶಕ ಶಿಕ್ಷಕಿ ನನ್ನನ್ನು ಬೈಯಲಿಲ್ಲ. ಹುಡುಗಿಯನ್ನು ಕೂರಿಸಿಕೊಂಡು, “ಟೀಚರ್ ಅರ್ಧ ಹೇಳ್ಯಾರವ್ವಾ, ಇನ್ನರ್ಧ ಇವತ್ತ ಹೇಳ್ತಾರ. ನಿಮ್ಮಕ್ಕಗ ಡಾಕ್ಟ್ರ ಮಾತು ಮೀರಬ್ಯಾಡ ಅಂತ ಹೇಳು” ಎಂದರು. ಊರಿನ ಆಶಾ ಕಾರ್ಯಕರ್ತೆಗೆ ಅಲ್ಲಿಂದಲೇ ಫೋನ್ ಮಾಡಿ, ಇಂದೇ ಆ ಮನೆಗೆ ಹೋಗಿ ಬನ್ನಿ ಎಂದು ಕೇಳಿಕೊಂಡರು. ಸಂಜೆ ನಾವಿಬ್ಬರೂ ಹೋದೆವು. ಆಶಾ ತಾಯಿ ಆಗಲೇ ಬಂದು ತಾಯಿ ಕಾರ್ಡ್ ಬಿಚ್ಚಿಟ್ಟುಕೊಂಡು ಮಾತಾಡುತ್ತಿದ್ದರು. ನಾನು ಆ ಅಕ್ಕನಿಗೆ, “ನಾನು ತಪ್ಪು ಹೇಳಿದ್ದೆ, ಅದನ್ನು ತಿದ್ದಲು ಬಂದಿದ್ದೇನೆ” ಎಂದಷ್ಟೇ ಹೇಳಿದೆ. ಹೆಚ್ಚು ವಿವರಿಸಲು ಹೋಗಲಿಲ್ಲ. ವೈದ್ಯಕೀಯ ಸಲಹೆ ಕೊಡುವುದು ನನ್ನ ಕೆಲಸವಾಗಿರಲಿಲ್ಲ.

ಮೂರನೇ ಅವಧಿ: ಉಳಿದರ್ಧ

ಮರುದಿನ ತರಗತಿಯಲ್ಲಿ ಮೊದಲು ಹಲಗೆಯ ಮೇಲೆ ಅವೇ ಎರಡು ಸಾಲುಗಳನ್ನು ಮತ್ತೆ ಬರೆದೆ. “ಇದನ್ನು ನಾನೇ ಬರೆದದ್ದು. ಇದರಲ್ಲಿ ತಪ್ಪಿದೆ. ನೀವು ಕಂಡುಹಿಡಿಯಿರಿ” ಎಂದೆ. ಆ ವಿದ್ಯಾರ್ಥಿನಿಯ ಮನೆಯ ಸುದ್ದಿಯನ್ನು ತರಗತಿಯಲ್ಲಿ ಎತ್ತಲಿಲ್ಲ. ಗುಂಪುಗಳಿಗೆ ಮೂರು ಕಾರ್ಡು ಕೊಟ್ಟೆ.

ಕಾರ್ಡು 1: 2010ರ ಆ ಅಧ್ಯಯನದಲ್ಲಿ ಇದ್ದದ್ದು 9 ತಾಯಂದಿರು, 10 ಶಿಶುಗಳು. ನೋಡಿದ್ದು ಹುಟ್ಟಿದ ಹೊತ್ತಿನ ಸ್ಥಿತಿಯನ್ನು.

ಕಾರ್ಡು 2: 2019ರಲ್ಲಿ ಬ್ರಿಟನ್ನಿನಲ್ಲಿ 596 ಶಿಶುಗಳ ಕರುಳಿನ ಸೂಕ್ಷ್ಮಜೀವಿಗಳನ್ನು ನೋಡಿದರು. ಮೊದಲ ವಾರಗಳಲ್ಲಿ ಸಿಸೇರಿಯನ್ ಶಿಶುಗಳಲ್ಲಿ ವ್ಯತ್ಯಾಸ ಸ್ಪಷ್ಟವಾಗಿತ್ತು. ತಿಂಗಳುಗಳು ಕಳೆದಂತೆ ವ್ಯತ್ಯಾಸ ಬಹುಮಟ್ಟಿಗೆ ಕಡಿಮೆಯಾಯಿತು.

ಕಾರ್ಡು 3: ಸಿಸೇರಿಯನ್‌ನಲ್ಲಿ ತಾಯಿಗೆ ಸೋಂಕು ತಡೆಯಲು ಪ್ರತಿಜೈವಿಕ ಔಷಧ ಕೊಡುತ್ತಾರೆ. ಮೊಲೆಹಾಲು ಆರಂಭಿಸುವುದು ಕೆಲವೊಮ್ಮೆ ತಡವಾಗುತ್ತದೆ. ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಬೇಕಾಗುತ್ತದೆ.

ಮಕ್ಕಳು ಕಂಡುಕೊಂಡ ಅಂಶಗಳು ಇವು. ‘ಸಿಗುವುದಿಲ್ಲ’ ಎಂಬುದು ತಪ್ಪು, ‘ಮೊದಲಿಗೆ ಬೇರೆ ಬಗೆಯವು ಸಿಗುತ್ತವೆ’ ಎಂಬುದು ಸರಿ. ‘ಒಳ್ಳೆಯ’ ಎಂಬ ಪದ ಅಧ್ಯಯನದಲ್ಲಿ ಇರಲಿಲ್ಲ, ಟೀಚರ್ ಸೇರಿಸಿದ್ದು. ವ್ಯತ್ಯಾಸಕ್ಕೆ ಕಾರಣ ಹೆರಿಗೆಯ ದಾರಿಯೊಂದೇ ಆಗಿರಬೇಕಿಲ್ಲ, ಔಷಧ ಮತ್ತು ಹಾಲೂ ಇರಬಹುದು. ಎರಡನೆಯ ಅಂಶವನ್ನು ಹೇಳಿದವನು ಮೊದಲ ದಿನ ಪ್ರಶ್ನೆ ಕೇಳಿದ ಹುಡುಗನೇ.

ಇದಾದ ಮೇಲೆ ಎದೆಹಾಲಿನ ವಿಷಯ ತಂದೆ. ಎದೆಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಅತಿ ಹೆಚ್ಚಾಗಿರುವ ಘನಾಂಶವೆಂದರೆ ಒಂದು ಬಗೆಯ ಸಂಕೀರ್ಣ ಸಕ್ಕರೆಗಳು. ವಿಚಿತ್ರವೆಂದರೆ ಅವನ್ನು ಕೂಸು ಜೀರ್ಣಿಸಿಕೊಳ್ಳಲಾರದು. ಅವು ಕೂಸಿನ ಕರುಳಿನಲ್ಲಿರುವ ಬಿಫಿಡೊಬ್ಯಾಕ್ಟೀರಿಯಂಗಳಿಗೆ ಊಟ. ತಾಯಿ ಕೂಸಿನ ಜೊತೆಗೆ ಕೂಸಿನ ಬ್ಯಾಕ್ಟೀರಿಯಾಗಳಿಗೂ ಹಾಲೂಡುತ್ತಾಳೆ ಎಂದಾಗ ತರಗತಿ ನಿಶ್ಶಬ್ದವಾಗಿ ಕೇಳಿತು. ಹೆರಿಗೆ ಯಾವ ಬಗೆಯದೇ ಆಗಲಿ, ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸಬೇಕು, ಆರು ತಿಂಗಳು ಎದೆಹಾಲು ಮಾತ್ರ ಕೊಡಬೇಕು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ಇಲ್ಲಿ ಜೋಡಿಸಿದೆ.

ಕೊನೆಯ ಹತ್ತು ನಿಮಿಷದಲ್ಲಿ ಕರುಳಿನ ಎರಡು ಅಧ್ಯಯನಗಳನ್ನು ಮುಂದಿಟ್ಟೆ. ಒಂದು ಬದಲಾಗುತ್ತದೆ ಎಂದಿತು, ಇನ್ನೊಂದು ಹೆಚ್ಚು ಬದಲಾಗುವುದಿಲ್ಲ ಎಂದಿತು. ಯಾರು ಸುಳ್ಳು? “ಇಬ್ಬರೂ ಅಲ್ರಿ. ಅವ್ರು ಎರಡು ಸಲ ನೋಡ್ಯಾರ, ಇವ್ರು ವಾರವಾರ ನೋಡ್ಯಾರ. ಹೆಂಗಸರೂ ಬ್ಯಾರೆ, ಉಣ್ಣೋದೂ ಬ್ಯಾರೆ” ಎಂದು ಒಬ್ಬಳು ಉತ್ತರಿಸಿದಳು. ಇದಕ್ಕಿಂತ ಹೆಚ್ಚಿನದನ್ನು ನಾನು ನಿರೀಕ್ಷಿಸಿರಲಿಲ್ಲ.

ಮೌಲ್ಯಮಾಪನ

ಕೆಳಗಿನ ಪ್ರಶ್ನೆಗಳನ್ನು ಬಳಸಿದೆ.

1. ಈಸ್ಟ್ರೋಜೆನ್ ಹೆಚ್ಚಾಗುವುದಕ್ಕೂ ಯೋನಿಯ ಪಿಎಚ್ ಕಡಿಮೆಯಾಗುವುದಕ್ಕೂ ನಡುವಿನ ಹಂತಗಳನ್ನು ಬರೆಯಿರಿ.
2. ಯಾವ ತೊಂದರೆ ಇಲ್ಲದಿದ್ದರೂ ಗರ್ಭಿಣಿಯ ಮೂತ್ರ ಪರೀಕ್ಷೆ ಏಕೆ ಮಾಡುತ್ತಾರೆ?
3. ಜರಾಯುವಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು ಎಂದರೆ ಅದು ಅಲ್ಲಿಯೇ ಇತ್ತು ಎಂದು ಹೇಳಬಹುದೇ? ಕಾರಣ ಕೊಡಿ.
4. “ಸಿಸೇರಿಯನ್ ಮಕ್ಕಳು ದುರ್ಬಲರು” ಎಂದು ನೆರೆಮನೆಯವರು ಹೇಳಿದರೆ ನೀವೇನು ಉತ್ತರಿಸುವಿರಿ?

ಮೊದಲೆರಡಕ್ಕೆ ಹೆಚ್ಚಿನವರು ಸರಿಯಾಗಿ ಬರೆದರು. ಮೂರನೆಯದು ಕಠಿಣವಾಯಿತು. ಅದಕ್ಕೆ ಹೆಪ್ಪು ಹಾಕದ ಹಾಲಿನ ಲೋಟವನ್ನು ನೆನಪಿಸಿದರೆ ಸಾಕು ಎಂದು ಆಮೇಲೆ ಹೊಳೆಯಿತು. ತೆರೆದಿಟ್ಟರೆ ಅದೂ ಒಂದು ದಿನದಲ್ಲಿ ಕೆಡುತ್ತದೆ. ಆ ಬ್ಯಾಕ್ಟೀರಿಯಾ ಎಮ್ಮೆಯಿಂದ ಬಂತೋ, ಪಾತ್ರೆಯಿಂದಲೋ, ಗಾಳಿಯಿಂದಲೋ ಎಂದು ಕೇಳಬಹುದು.

ಪ್ರಶಿಕ್ಷಣಾರ್ಥಿಗಳಿಗೆ ನಾಲ್ಕು ಮಾತು

ಒಂದು: ಆರೋಗ್ಯದ ಪಾಠದಲ್ಲಿ ‘ಒಳ್ಳೆಯ’, ‘ಕೆಟ್ಟ’, ‘ಸಹಜ’ ಎಂಬ ಪದಗಳನ್ನು ಹಲಗೆಯ ಮೇಲೆ ಬರೆಯುವ ಮುನ್ನ, ಆ ಪದ ವಿಜ್ಞಾನದ್ದೋ ನಮ್ಮದೋ ಎಂದು ಕೇಳಿಕೊಳ್ಳಬೇಕು. ನಮ್ಮ ದೇಶದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇ 21.5ರಷ್ಟು ಹೆರಿಗೆಗಳು ಸಿಸೇರಿಯನ್ ಮೂಲಕ ಆಗಿವೆ. ಪ್ರತಿ ತರಗತಿಯಲ್ಲೂ ಹಾಗೆ ಹುಟ್ಟಿದ ಮಕ್ಕಳು ನಮ್ಮೆದುರು ಕೂತಿರುತ್ತಾರೆ.

ಎರಡು: ಹಲಗೆಯನ್ನು ಎರಡು ಭಾಗ ಮಾಡಿ ಹೋಲಿಸುವುದು ಸುಲಭದ ವಿಧಾನ. ಎಲ್ಲ ವಿಷಯವೂ ಆ ಎರಡು ಕಂಬಸಾಲಿನಲ್ಲಿ ಹಿಡಿಸುವುದಿಲ್ಲ.

ಮೂರು: ಅಧ್ಯಯನವೊಂದನ್ನು ಉದಾಹರಿಸುವಾಗ ಎಷ್ಟು ಜನ, ಯಾವ ಊರು, ಎಷ್ಟು ಕಾಲ ಎಂಬ ಮೂರನ್ನೂ ಮಕ್ಕಳಿಗೆ ಹೇಳಬೇಕು.

ನಾಲ್ಕು: ತಪ್ಪಾದರೆ ಅದೇ ತರಗತಿಯಲ್ಲಿ, ಅದೇ ಹಲಗೆಯ ಮೇಲೆ ತಿದ್ದಬೇಕು. ಗೌರವ ಕಡಿಮೆಯಾಗುತ್ತದೆಂಬ ಭಯ ನನಗಿತ್ತು, ಹಾಗಾಗಲಿಲ್ಲ.

ಎರಡು ವಾರದ ನಂತರ ಆ ವಿದ್ಯಾರ್ಥಿನಿ ಕಾಗದದಲ್ಲಿ ಕಟ್ಟಿದ ಪೇಡೆ ತಂದು ಕೊಟ್ಟಳು. ತಾಲ್ಲೂಕು ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು, ಹೆಣ್ಣು ಕೂಸು, ಇಬ್ಬರೂ ಆರಾಮ. ಅಕ್ಕನ ಮನಸ್ಸು ತಿರುಗಿಸಿದ್ದು ಆಶಾ ತಾಯಿಯೇ ಹೊರತು ನಾನಲ್ಲ. ನನ್ನ ಅವಲೋಕನ ಪುಸ್ತಕದಲ್ಲಿ ‘ಉತ್ತಮ’ ಎಂಬ ಷರಾ ಈಗಲೂ ಇದೆ. ಅದರ ಕೆಳಗೆ ನಾನೇ ಪೆನ್ಸಿಲ್ಲಿನಲ್ಲಿ ‘ಮೂರನೇ ಅವಧಿ ನೋಡಿ’ ಎಂದು ಬರೆದುಕೊಂಡಿದ್ದೇನೆ.